ಒತ್ತು

ಮೂರನೆಯ ದಿನ, ಊಟ ಮುಗಿದ ಮೇಲೆ
ವಿಶಾಲಾಕ್ಷಿ ಮೇಡಂ ಹೇಳಿದರು:
ಪೆನ್ನು ಎಡಗೈಗೆ ತಗೊಳ್ಳಿ. ಅವರವರ ಹೆಸರು ಬರೀರಿ.

ಇಪ್ಪತ್ತಾರು ಜನ ನಾವು, ಶಿವಮೊಗ್ಗದ ಆ ತಗಡಿನ ಮಾಡಿನ ಹಾಲಿನಲ್ಲಿ;
ಡಿ.ಎಡ್. ಮುಗಿಸಿ ಕೆಲಸ ಕಾಯುವ ಹುಡುಗಿಯರು, ನಿವೃತ್ತ ನರ್ಸು, ಒಬ್ಬ ದರ್ಜಿ,
ಭದ್ರಾವತಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವ ನಾನು,
ಬೀಗ ಬಿದ್ದ ಕಾರ್ಖಾನೆಯೊಂದರ ಹಾಜರಿ ಗುಮಾಸ್ತ.
ಮೂವತ್ತೊಂದು ವರ್ಷ ನೋಡದೆಯೇ ಗೀಚಿದ ಹೆಸರು: ಷಣ್ಮುಖಪ್ಪ.
ಷಕಾರದ ಹೊಟ್ಟೆ ಸೀಳಲು ಹೋದ ಗೆರೆ
ಮೇಲಿನ ಸಾಲಿಗೆ ನುಗ್ಗಿತು. ಣ ಸುತ್ತುತ್ತಾ ಹೋಗಿ
ಎಲ್ಲಿ ನಿಲ್ಲಬೇಕೆಂಬುದನ್ನೇ ಮರೆಯಿತು.
ಎರಡು ಒತ್ತು ನನ್ನ ಹೆಸರಿಗೆ. ಎರಡೂ
ಏಣಿ ತಪ್ಪಿದವರ ಹಾಗೆ ಕೆಳಗೆ ನೇತಾಡಿದವು.

ಮೇಡಂ ಬೆನ್ನ ಹಿಂದೆ ಬಂದು ನಿಂತರು:
"ಇಷ್ಟು ವಯಸ್ಸಾಗಿದೆ, ಇಷ್ಟೂ ಬರಲ್ವ?"
ಕಿವಿ ಬಿಸಿಯಾಯಿತು. ಹುಡುಗಿಯೊಬ್ಬಳು ಕಿಸಕ್ಕೆಂದಳು.
ಆಮೇಲೆ ಮೇಡಂ, ಮೆಲ್ಲಗೆ, ಎಲ್ಲರಿಗೂ:
ಈ ಮಾತು ಮೈಯಲ್ಲಿ ಎಲ್ಲಿ ತಾಗಿತು, ಗುರುತಿಟ್ಟುಕೊಳ್ಳಿ.
ಬರ್ಕೊಳ್ಳೋದು ಬೇಡ.

ಬರೆದುಕೊಳ್ಳಲಿಲ್ಲ. ನನಗೆ ತಾಗಿದ್ದು ಮೈಯಲ್ಲೂ ಅಲ್ಲ.
ಸಂಬಳದ ದಿನ, ಟೈಮ್ ಆಫೀಸಿನ ಕಿಂಡಿ,
ನೀಲಿ ಶಾಯಿಯ ಮೆತ್ತೆ. ಸಾಲಿನಲ್ಲಿ ಒಬ್ಬೊಬ್ಬರ
ಹೆಬ್ಬೆಟ್ಟು ಹಿಡಿದು ಊರಿಸುತ್ತಿದ್ದವನು ನಾನು.
ಸುಣ್ಣದ ನೀರು, ಬಿದಿರಿನ ಸಿಬಿರು ತಿಂದು
ಗೆರೆಯೇ ಅಳಿಸಿಹೋದ ಹೆಬ್ಬೆಟ್ಟುಗಳು.
ಮೂಡದಿದ್ದರೆ ಗದರುತ್ತಿದ್ದೆ: ಒತ್ತೋ, ಸರಿಯಾಗಿ ಒತ್ತು.
ದಿನಕ್ಕೆ ಎಷ್ಟು ಟನ್ನು ಬಿಳಿ ಹಾಳೆ ಹೊರಬೀಳುತ್ತಿತ್ತು ಅಲ್ಲಿ,
ಆ ಲೆಕ್ಕ ಈಗಲೂ ಬಾಯಿಪಾಠ.

ಹತ್ತನೆಯ ದಿನ ಅಭ್ಯಾಸ ಪಾಠ. ರಾತ್ರಿ ಏಳೂವರೆ,
ಭದ್ರಾವತಿಯ ಹಳೇ ಕಾಲೋನಿಯ ಅಂಗನವಾಡಿ.
ಗೋಡೆಯ ಮೇಲೆ ಅ ಅಂದರೆ ಅರಸ, ಕೆಳಗೆ ಮೊಣಕಾಲೆತ್ತರದ ಕುರ್ಚಿಗಳು,
ಅದರಲ್ಲಿ ಕೂರಲಾರದೆ ನೆಲಕ್ಕಿಳಿದ ಏಳು ಮಂದಿ.
ಪಾಠಯೋಜನೆ ಕಿಸೆಯಲ್ಲಿತ್ತು: ಪೀಠಿಕೆ ಐದು ನಿಮಿಷ,
ಮೊದಲು ಗ, ಆಮೇಲೆ ರ, ಕೂಡಿಸಿದರೆ ಗರ.

"ಗರ ಬಡೀಲಿ ಅದಕ್ಕೆ" ಅಂದಳು ಕನ್ನಿಯಮ್ಮ,
ಮೊಳ ಹಾಕುತ್ತಿದ್ದ ಹೂವಿನಿಂದ ತಲೆ ಎತ್ತದೆ.
"ಹೊಸನಗರಕ್ಕೆ ಮಗಳ ಬಾಣಂತನಕ್ಕೆ ಹೊರಟೋಳು
ಹೊಸದುರ್ಗದ ಬಸ್ಸಲ್ಲಿ ಕೂತಿದ್ದೆ. ಮೊದ್ಲು ಅದು ಹೇಳ್ಕೊಡಿ."

ಹಲಗೆಯ ಮೇಲೆ ಎರಡೂ ಊರು ಬರೆದೆ.
ಹೊಸ ಎರಡಕ್ಕೂ ಒಂದೇ. ಅಷ್ಟಕ್ಕೇ ಹತ್ತಬೇಡಿ,
ಮುಂದಿನ ಅಕ್ಷರ ಬರೋ ತನಕ ಕಾಯಿರಿ ಎಂದೆ.
ಅವಳು ನ ನೋಡಿದಳು. ದು ನೋಡಿದಳು.
"ಇದಕ್ಕೆ ಬಾಲ ಐತೆ."
ಅರ್ಧ ಗಂಟೆ ಅದಕ್ಕೇ ಹೋಯಿತು.
ಮೂಲೆಯಲ್ಲಿ ಮೇಡಂ ಏನನ್ನೋ ಗುರುತು ಹಾಕಿಕೊಂಡರು.

ಗೋಡೆಗೆ ಒರಗಿ ಯಲ್ಲೋಜಿ. ಪಲ್ಪ್ ವಿಭಾಗ, ಟೋಕನ್ ನಂಬರು ೮೧೪.
ಸ್ಲೇಟು ಮುಟ್ಟದೆ ಕೇಳಿದ:
"ಸಾಹೇಬ್ರೆ, ಕೊನೇ ದಿನ ಒತ್ತಿಸ್ಕೊಂಡ್ರಲ್ಲ ಕಾಗದ,
ಅದ್ರಾಗೆ ಏನಿತ್ತು?"

ನಾನೂ ಓದಿರಲಿಲ್ಲ, ಯಲ್ಲೋಜಿ.
ಹತ್ತು ಪುಟ ಇತ್ತು. ಅಡಿಯ ಮೊತ್ತವಷ್ಟೇ ನೋಡಿದ್ದೆ.

ನಾಳೆ ನೀರು ಬರಲ್ಲ ಅಂದರೆ ಆಡಿಸುವ ಹಾಗೆ
ತಲೆ ಆಡಿಸಿದ. ಬಳಪ ತಗೊಂಡ.
ಯ, ಮೂರು ಸಲ ಅಳಿಸಿ ನಾಲ್ಕನೆಯದು ಸರಿ.
ಲೋ ಬಂತು, ದೀರ್ಘ ಸ್ವಲ್ಪ ಅತಿ ದೀರ್ಘ.
ಜಿ ಬಂತು.
ಈಗ ಲೋ ಕೆಳಗೆ, ಇಲ್ಲಿ, ಎಂದು ಬೆರಳಿಟ್ಟು ತೋರಿಸಿ
ಹಳೆಯ ದನಿಯಲ್ಲೇ ಅಂದುಬಿಟ್ಟೆ:
ಒತ್ತು.

ಯಲ್ಲೋಜಿ ಬಳಪ ಕೆಳಗಿಟ್ಟ.
ಹೆಬ್ಬೆಟ್ಟನ್ನು ನಾಲಿಗೆಗೆ ಸವರಿ
ನಾನು ತೋರಿಸಿದ ಜಾಗದಲ್ಲೇ ಊರಿ, ಎಡಕ್ಕೆ ಬಲಕ್ಕೆ ತಿರುಗಿಸಿ,
ನನ್ನ ಮುಖ ನೋಡಿದ.
ತಮಾಷೆಯೋ ಅಲ್ಲವೋ, ನನಗಿನ್ನೂ ತಿಳಿದಿಲ್ಲ.

ಒದ್ದೆ ಗುರುತು ಆರುವ ತನಕ
ಇಬ್ಬರೂ ಸ್ಲೇಟು ನೋಡುತ್ತಾ ಕೂತೆವು.
"ಮುಂದಕ್ಕೆ?" ಅಂದ.