ಸ್ಟಾಪರ್ ಬ್ಯಾಕ್

ಮಂಡಕ್ಕಿ ಭಟ್ಟಿಯ ನಮ್ಮ ಓಣಿಯಲ್ಲಿ
ಕ್ವಾಬೆನಾ ಬಾಡಿಗೆಗಿದ್ದಾನೆ, ಮಹಡಿ ಮೇಲೆ.
ಮೆಟ್ಟಿಲಿಳಿವಾಗ ಎಡಮಂಡಿ
ಕಾದ ಮರಳಲ್ಲಿ ಸಿಡಿವ ಅಕ್ಕಿ.

ಕುಮಾಸಿಯಲ್ಲಿ ಬರಿಗಾಲು, ಆಮೇಲೆ ಕ್ಲಬ್ಬು,
ಕೋಲ್ಕತ್ತದಲ್ಲಿ ಮೂರು ವರ್ಷ,
ಕೇರಳದ ಸೆವೆನ್ಸಿನಲ್ಲಿ ಮ್ಯಾಚಿಗಿಷ್ಟು;
ಹುಬ್ಬಿನ ಮೇಲೆ ಯಾರದೋ ಬೂಟಿನ ಗುರುತು, ಏಳು ಹೊಲಿಗೆ.
ಇಲ್ಲಿಗೆ ಟೂರ್ನಮೆಂಟಿಗೆ ಬಂದವನು
ವಾಪಸ್ ಬಸ್ಸು ಹತ್ತಲಿಲ್ಲ.

‘ಎಷ್ಟು ಗೋಲು ಹೊಡ್ದಿ?’ ಗಿರಣಿಯ ರುದ್ರಮುನಿ ಕೇಳುತ್ತಾನೆ.
‘ಒಂದು. ಅದೂ ನಮ್ಗ.’
ಮಿರ್ಚಿ ಮುರಿದು ಅರ್ಧ ಕೊಡುತ್ತಾನೆ.

ಆಗದ ಗೋಲುಗಳ ಲೆಕ್ಕ
ಯಾವ ಪೇಪರಿನವರೂ ಇಡಲಿಲ್ಲ.

ಸಂಜೆ ಹೈಸ್ಕೂಲ್ ಮೈದಾನದಲ್ಲಿ ದಾವಣಗೆರೆಯದೇ ಕನ್ನಡ:
‘ಚೆಂಡು ನೋಡಬ್ಯಾಡ್ರಿ, ಸೊಂಟ ನೋಡ್ರಿ,
ಕಾಲು ಸುಳ್ಳು ಹೇಳ್ತತಿ.’

ಮೊನ್ನೆ ನನ್ನ ಮಗಳು ಯಾರನ್ನೂ ದಾಟಗೊಡಲಿಲ್ಲ.
ಮನೆಗೆ ಬಂದು ಕೆಸರು ಕಾಲು ತೊಳೆಯುತ್ತ
‘ಇವತ್ತು ಏನೂ ಆಗ್ಲಿಲ್ಲಮ್ಮ’ ಅಂದಳು.

ಮಹಡಿ ಮೇಲಿಂದ ಒಂದು ಉದ್ದನೆ ಶಿಳ್ಳೆ.