ಮೂಟೆ ತೂಗುವ ತಕ್ಕಡಿ

ಶಾಲೆಯ ತೂಕದ ಯಂತ್ರ ಕೆಟ್ಟು ಎರಡು ವರ್ಷ.
ಪಕ್ಕದ ತೋಟದಿಂದ ಹೊರಿಸಿ ತಂದೆ
ಕಾಫಿಹಣ್ಣಿನ ಮೂಟೆ ತೂಗುವ ತಕ್ಕಡಿ;
ಹಲಗೆಯ ತುಂಬ ಸಿಪ್ಪೆಯ ಅಂಟು.

ಮಾಚಯ್ಯ ಹತ್ತಿದ.
ಐದನೇ ಕ್ಲಾಸು, ಐವತ್ತೆರಡು ಕಿಲೋ.
‘ಒಂದು ಮೂಟೆ!’ ಯಾರೋ ಕೂಗಿದರು.
ಅವನೂ ನಕ್ಕ. ಕಿವಿಗೆ ಮಾತ್ರ
ಹಣ್ಣಿನ ಬಣ್ಣ.

ಆಮೇಲೆ ಲೈನುಮನೆಯ ಚೋಮಿ.
ಸಂಜೆ ಸಂಜೆ ಇದೇ ಮುಳ್ಳಿನ ಮುಂದೆ
ಅವ್ವ ಉಸಿರು ಬಿಗಿಹಿಡಿಯುವುದ ಕಂಡವಳು
ಜೇಬಲ್ಲಿ ಎರಡು ಕಲ್ಲು ಇಟ್ಟುಕೊಂಡಿದ್ದಳು.
ಕಲ್ಲು ಸೇರಿ ಇಪ್ಪತ್ತೊಂದು.
ಬರೆದುಕೊಂಡೆ. ಏನೂ ಕೇಳಲಿಲ್ಲ.

ಇಲಾಖೆಯ ಕಾರ್ಡಿನ ಕೆಳಗೆ ಅಚ್ಚಾದ ಸಲಹೆ:
ದಿನವೂ ಶಾಲೆಗೆ ನಡೆದು ಬನ್ನಿ.
ಮಾಲ್ದಾರೆಯ ರಸ್ತೆಯಲ್ಲಿ ಇವತ್ತು ಬೆಳಿಗ್ಗೆ
ಆನೆಲದ್ದಿ ಇನ್ನೂ ಹಬೆಯಾಡುತ್ತಿತ್ತು.
ಎಲ್ಲರೂ ಒಂದೇ ಜೀಪು,
ಮಾಚಯ್ಯನ ತೊಡೆಯ ಮೇಲೆ ಚೋಮಿ,
ಅವಳ ತೊಡೆಯ ಮೇಲೆ ಅವನ ಬ್ಯಾಗು.
ಹಾಗಾದರೆ ನಡೆಯುವುದೆಲ್ಲಿ, ಸ್ವಾಮಿ?
ಈ ಬೇಲಿಯೊಳಗೆ, ಈ ನಲವತ್ತು ನಿಮಿಷ.

ಹಾಕಿಕೋಲು ಏಳು, ಮಕ್ಕಳು ಹತ್ತೊಂಬತ್ತು.
ಗೋಲಿಗೆ ಗುರುತು ಬೇಕಿತ್ತು.
ಚೋಮಿ ಮೆಲ್ಲಗೆ ಜೇಬಿಗೆ ಕೈ ಹಾಕಿದಳು.

ಆ ಎರಡು ಕಲ್ಲಿನ ನಡುವೆ
ಎಂದಿನಂತೆ ಹೋಗಿ ನಿಂತಿದ್ದ ಮಾಚಯ್ಯ.
‘ಅಲ್ಲಲ್ಲ, ಈಚೆ ಬಾ’ ಎಂದೆ,
‘ಇವತ್ತು ನೀನು ಫಾರ್ವರ್ಡ್.’