ಹನ್ನೊಂದೋ ಒಂಬತ್ತೋ

ಬಣ್ಣದ ಬಟ್ಟಿ ಇದ್ದ ಶೆಡ್ಡು ಇದು, ಬೆಟಗೇರಿಯಾಗ.
ನೂಲು ಅದ್ದಿದ ನೀಲಿ ಇನ್ನೂ
ಮೊಣಕಾಲಮಟ ಗ್ವಾಡಿಗೆ ಹತ್ತೇತಿ.
ಅದಕ್ಕ ಆನಿಸಿ ನಿಲ್ಲಿಸೇನಿ ಹನ್ನೊಂದು ಸೈಕಲ್ಲು,
ಹ್ಯಾಂಡಲ್ಲು ಎಲ್ಲಾ ಒಂದಽ ಕಡೆ ಹೊಳ್ಳಿಸಿ,
ಯಾರೋ ಹೆಸರು ಹಿಡದು ಕರದ್ರ ತಿರುಗಿ ನೋಡಿದಂಗ.

ಮಾಲೀಕ ಗಣಪತಸಾ ಬಂದು ಹೇಳಿದ,
ಅರ್ಧಾ ಜಾಗಾ ಬೇಕು,
ಮಗಳು ಹೊಲಿಗಿ ಮಶೀನ ಹಾಕ್ತಾಳ,
ಅಮಾಸಿತನಕ ಟೈಮು.
ಅವತ್ತಽ ಸಂಜಿಕ ಮುಳಗುಂದದಿಂದ ಫೋನು:
ರ‍್ಯಾಲಿ ಐತಿ, ಐವತ್ತೊಂದರದ್ದು,
ಚೈನ್‌ಕೇಸ ಪೂರ್ತಿ, ಡೈನಮೋ ತಿರಗತೈತಿ,
ತೆರಿಗಿ ಕಟ್ಟಿದ ಹಿತ್ತಾಳಿ ಬಿಲ್ಲೆ ಸುದ್ದಾ ಐತಿ.

ಅದನ್ನ ಕೊಳ್ಳಬೇಕಂದ್ರ ಮೂರು ಮಾರಬೇಕು.
ಹಂಗಂದ್ರ ಹೆಚ್ಚಾದಂಗೋ
ಕಮ್ಮಿ ಆದಂಗೋ, ನೀವಽ ಹೇಳ್ರಿ.

ಪ್ರೆಸ್ಸಿನ್ಯಾಗ ಮೊಳಿ ಜೋಡಿಸಿದಾಂವ ನಾ.
ಆಫ್‌ಸೆಟ್ ಬಂದ ವರ್ಷ
ಮೊಳಿ ಎಲ್ಲಾ ಚೀಲಕ್ಕ ಸುರುವಿ
ಕಿಲೋ ಲೆಕ್ಕದಾಗ ತೂಗಿ ಒಯ್ದರು.
ಒತ್ತಕ್ಷರ ಬಾಳ ಹಗುರ, ಅಂತ ತಕ್ಕಡಿಯವ ನಕ್ಕ.
ಆ ತಿಂಗಳಽ ಮೊದಲನೇ ಸೈಕಲ್ಲು ತಂದೆ,
ಗುಜರಿಯಿಂದ,
ಅದೂ ಕಿಲೋ ಲೆಕ್ಕದಾಗ.

ಮಾರೋ ಪಟ್ಟಿ ಬರಿಯಾಕ ಕುಂತೆ.
ಹಂಬರು? ಮುಂದಿನ ಫೋರ್ಕು ಜೋಡಿ ಕೊಳವಿದು,
ಈ ಕಡೆ ಇನ್ನೊಂದು ಕಂಡಿಲ್ಲ.
ಫಿಲಿಪ್ಸು? ನಾಗಾವಿ ಗೌಳೇರ ಹಾಲಿನ ಕ್ಯಾನು ಹೊತ್ತು
ಕ್ಯಾರಿಯರು ಎಡಕ್ಕ ಬಾಗೇತಿ,
ನೆಟ್ಟಗ ಮಾಡಿದ್ರ ಅದು ಅದಾಗಿ ಉಳಿಯೂದಿಲ್ಲ.
ಹರ್ಕ್ಯುಲಿಸ್ಸು, ದವಾಖಾನಿ ನರ್ಸಬಾಯಿ ಎಸ್ತೇರಮ್ಮಂದು.
ರಾತ್ರಿಪಾಳಿಗೆ ಹೊಂಟಾಗ ಗಂಟಿ ಬಾರಿಸ್ತಿರಲಿಲ್ಲ,
ಓಣ್ಯಾನ ಕೂಸು ಏಳ್ತಾವು ಅಂತ.
ಹಿಂಗಾಗಿ ಸೈಕಲ್ಲು ಹಳೇದು, ಗಂಟಿ ಹೊಸಾದು.
ಪಟ್ಟಿಯಾಗ ಒಂದು ಹೆಸರೂ ಬೀಳಲಿಲ್ಲ.

ಶಿವಗಂಗಾ ಅಂದಳು,
"ದೀಪ ಆರಿಸಿ, ಮಲಕೊಂಡು ಎಣಸು.
ಯಾವುದು ನೆಪ್ಪಾಗೂದಿಲ್ಲೋ ಅದನ್ನ ಮಾರು."
ಎಣಿಸಿದೆ. ಹತ್ತು ಬಂದುವು.
ಮಗ್ಗಲಾಗಿ ಮತ್ತ ಎಣಿಸಿದೆ. ಹತ್ತಽ.
ನಡುರಾತ್ರಿ ಬ್ಯಾಟರಿ ಹಿಡಕೊಂಡು ಶೆಡ್ಡಿಗೆ ಹ್ವಾದೆ.
ಕಡೀ ಮೂಲ್ಯಾಗ ಬಿ.ಎಸ್.ಎ.,
ಹಿಂದಿನ ಗಾಲಿಗೆ ಕೀಲಿ ಬಿದ್ದದ್ದು, ಕೈ ಇಲ್ಲ.
ತಂದಾಗಿಂದ ಎತ್ತಿ ಸರಿಸೇನಿ,
ಒಂದು ದಿನಾ ಉರುಳಿಸಿಲ್ಲ.
ಅದರ ಮುಂದ ನಿಂತು ಸಾಲಗಾರನಂಗ ಆತು.
ಮರೆತದ್ದಕ್ಕ ಯಾವ ಬಾಯಿಲೆ ರೇಟು ಹೇಳ್ಲಿ?

ಮುಂಜಾನೆ ರೊಕ್ಕ ಕಿಸೆಯಾಗ ಇಟಗೊಂಡು
ಮುಳಗುಂದಕ್ಕ ಹ್ವಾದೆ, ಟಿವಿಎಸ್ ಮ್ಯಾಲ.
ಹೌದ್ರಿ, ನಗಬ್ಯಾಡ್ರಿ, ಮಂಡಿ ನೋವು.
ರಿಪೇರಿ ಅಂಗಡಿ ಬುಡನಸಾಬ ರ‍್ಯಾಲಿ ಹೊರಗ ತಂದ.
ಖರೇನಽ ಚಂದ ಇತ್ತು. ಪೆಡಲು ಹಿಂದಕ್ಕ ತಿರುವಿದ್ರ
ಮಳ್ಳಾಗ ಕಾಳು ಹಸನ ಮಾಡಿದಂಗ ಸದ್ದು.

"ನಿಮ್ಮಲ್ಲೆ ಎಷ್ಟದಾವು?"
"ಹನ್ನೊಂದು."
"ಉರುಳ್ತಾವೇನು?"
"ಹತ್ತು," ಅಂದೆ.

ಅಂವ ಒಳಗ ಹೋಗಿ ಬಿಸ್ಕೀಟ ಡಬ್ಬಿ ತಂದ.
ತುಂಬ ಕೀಲಿಕೈ. ನೂರರ ಮ್ಯಾಲಽ ಇರಬೇಕು.
"ಗಿರಾಕಿ ಮಂದಿ ಬಿಟ್ಟು ಹೋಗಿದ್ದು.
ರ‍್ಯಾಲಿ ಎಲ್ಲಿ ಹೋಗತೈತಿ, ಮೊದಲ ಇವನ್ನ ನೋಡ್ರಿ.
ಚಾ ಕುಡದು ಹೋಗ್ರಿ."

ಈಗ ಅಮಾಸಿಗೆ ನಾಕು ದಿನಾ.
ಗಣಪತಸಾನ ಮಗಳು ಟೇಪು ಹಿಡದು ಅಳತಿ ತಗೊಂಡು ಹೋದಳು.
ಸೈಕಲ್ಲಿನ ನಡು ಹಾಯೂವಾಗ ಓಢಣಿ ಎತ್ತಿ ಹಿಡದು
ಎಸ್ತೇರಮ್ಮನ ಗಂಟಿ ಒಮ್ಮೆ ಬಾರಿಸಿದಳು.
ಯಾರೂ ಏಳಲಿಲ್ಲ.

ನಾ ನೆಲಕ್ಕ ಕುಂತು
ಒಂದೊಂದಽ ಕೈ ಹಾಕಿ ನೋಡಾಕತ್ತೇನಿ.
ಅರವತ್ತೆಂಟು ಆದುವು.
ಈಗಿಂದು ಅರ್ಧಾ ತಿರುಗಿ ನಿಂತೈತಿ.
ಎಣ್ಣಿ ಬಿಟ್ಟೇನಿ.
ಮುಂಜಾನೆತನಕ ಹಂಗಽ ಇರಲಿ.